ದೋಷವೂ ದೂಷಣೆಯೂ

ಮನೆಯಲ್ಲಿ ಒಂದು ವಸ್ತು ಕೆಟ್ಟಿತೆಂದರೆ ಮನೆಮಂದಿಯ ಬಾಯಿಂದ ಮೊದಲು ಹೊರಡುವ ಪ್ರಶ್ನೆ "ಯಾರು ಮುಟ್ಟಿದರು?" ಎಂಬುದು. "ಏಕೆ ಕೆಟ್ಟಿತು?" ಎಂಬ ಪ್ರಶ್ನೆ, ಹುಟ್ಟುವುದೇ ಆದರೆ, ಆ ಮೇಲೆ ಹುಟ್ಟುತ್ತದೆ. ಬೀಸುವ ಕಲ್ಲು, ರಾಟೆ, ಹೊಲಿಗೆಯ ಯಂತ್ರಗಳ ಕಾಲದಿಂದಲೂ ಇದು ಹೀಗೆಯೇ ನಡೆದುಬಂದಿದೆ. ಆದರೆ ಆ ಸಾಧನಗಳು ತಮ್ಮ ಕುಂದನ್ನು ಮುಚ್ಚಿಡುತ್ತಿರಲಿಲ್ಲ. ಬೀಸುವ ಕಲ್ಲಿನ ಗೂಟ ಸಡಿಲವಾಗಿದ್ದರೆ ಅದು ಕಣ್ಣಿಗೆ ಕಾಣುತ್ತಿತ್ತು, ಕೈಗೆ ತಿಳಿಯುತ್ತಿತ್ತು. ಯಾರನ್ನು ದೂರಿದರೂ ನಿಜವು ಗಳಿಗೆಯೊಳಗೆ ಹೊರಬೀಳುತ್ತಿತ್ತು. ಈಗ ಮೂಲೆಯ ಮೇಜಿನ ಮೇಲೆ ಕುಳಿತಿರುವ ಕಂಪ್ಯೂಟರಿನ ಸ್ವಭಾವ ಬೇರೆ. ಅದು ನಿನ್ನೆ ನಡೆಯಿತು, ಇಂದು ನಡೆಯಲಿಲ್ಲ, ನಾಳೆ ಏನೂ ಆಗಿಲ್ಲವೆಂಬಂತೆ ಮತ್ತೆ ನಡೆಯಬಹುದು. ಕಾರಣವು ಗುಪ್ತವಾಗಿರುವಷ್ಟು ಕಾಲವೂ ದೂರು ಮಾತ್ರ ಬಹಿರಂಗವಾಗಿ ಓಡಾಡುತ್ತಿರುತ್ತದೆ. ಕಾರಣವನ್ನು ಅರಿಯದೆ ಒಬ್ಬರನ್ನು ದೂರುವುದಕ್ಕೆ ಮನುಷ್ಯನಿಗೆ ಅಧಿಕಾರವುಂಟೆ? ದೂರಿಬಿಟ್ಟ ಮೇಲೆ, ಕುಳಿತು ಕಾರಣವನ್ನು ಹುಡುಕುವ ಹೊಣೆ ದೂರಿದವನದೆ? ಯಂತ್ರದ ದುರಸ್ತಿಯೆಂಬ ಸಣ್ಣ ಕೆಲಸದೊಳಗೆ ಈ ಎರಡು ಪ್ರಶ್ನೆಗಳು ಅಡಗಿವೆ.

ಪೂರ್ತಿ ಸತ್ತುಹೋದ ಯಂತ್ರದಿಂದ ಯಾರಿಗೂ ಅನ್ಯಾಯವಾಗುವುದಿಲ್ಲ. ಅದನ್ನು ಹೊತ್ತು ದುರಸ್ತಿಯ ಅಂಗಡಿಗೆ ಒಯ್ಯುತ್ತಾರೆ. ಸತ್ತ ಭಾಗವನ್ನು ತೆಗೆದು ಬೇರೊಂದನ್ನು ಹಾಕುತ್ತಾರೆ. ಹಣ ತೆತ್ತು ತರುತ್ತಾರೆ. ಕಷ್ಟವಿರುವುದು ಬಂದು ಹೋಗುವ ದೋಷದಲ್ಲಿ. ಅದು ಚಳಿಜ್ವರದಂತೆ; ವೈದ್ಯನು ಬಂದು ಮಣಿಕಟ್ಟು ಹಿಡಿಯುವ ವೇಳೆಗೆ ರೋಗಿಯು ಎದ್ದು ಕುಳಿತು ಮಾತನಾಡುತ್ತಿರುತ್ತಾನೆ. ದೇವದುರ್ಗದ ಕಡೆಯ ಹಳ್ಳಿಯೊಂದರಿಂದ ಕಂಪ್ಯೂಟರಿನ ಪೆಟ್ಟಿಗೆಯನ್ನು ಬಸ್ಸಿನಲ್ಲಿಟ್ಟುಕೊಂಡು ರಾಯಚೂರಿಗೆ ಬಂದವನ ಪಾಡನ್ನು ವಾಚಕರು ಊಹಿಸಬಹುದು. ಅಂಗಡಿಯಲ್ಲಿ ಅದು ಲಕ್ಷಣವಾಗಿ ನಡೆಯುತ್ತದೆ. ದಾರಿಯ ಕುಲುಕಾಟದಲ್ಲಿ ಒಳಗಿನ ನೆನಪಿನ ಹಲಗೆ, ಎಂದರೆ ರ‍್ಯಾಮ್ ಎನ್ನುವುದು, ತನ್ನ ಗಾಡಿಯಲ್ಲಿ ಸರಿಯಾಗಿ ಕುಳಿತಿರಬಹುದು. ಅಥವಾ ಅಂಗಡಿಯ ವಿದ್ಯುತ್ತು ಮನೆಯದಕ್ಕಿಂತ ಸ್ಥಿರವಾಗಿರಬಹುದು. ಅಂಗಡಿಯವನು ನಗುತ್ತಾನೆ, ಬಂದವನು ನಾಚುತ್ತಾನೆ. ಮನೆಗೆ ಹೋದ ಮರುದಿನವೇ ಅದು ಮತ್ತೆ ನಿಲ್ಲುತ್ತದೆ. ಆಗ ಅಂಗಡಿಯವನು ಮೋಸಗಾರನೆಂಬ ಮಾತು ಹುಟ್ಟುತ್ತದೆ. ಆತನು ನೋಡಿದ್ದನ್ನು ನೋಡಿದಂತೆಯೇ ಹೇಳಿದ್ದನು.

ರಾಯಚೂರಿನ ಸೀಮೆಯಲ್ಲಿ ಇಂತಹ ದೋಷಗಳಿಗೆ ಅವಕಾಶ ಹೇರಳವಾಗಿದೆ. ಕೃಷ್ಣೆ ತುಂಗಭದ್ರೆಯರ ನಡುವಣ ಈ ನಾಡಿನಲ್ಲಿ ಏಪ್ರಿಲ್ ಮೇ ತಿಂಗಳುಗಳ ಹಗಲು 40 ಡಿಗ್ರಿಯನ್ನು ದಾಟುವುದು ಸಾಮಾನ್ಯ. ಯಂತ್ರವನ್ನು ತಂಪುಮಾಡುವ ಫ್ಯಾನು ಕೋಣೆಯ ಗಾಳಿಯನ್ನೇ ಒಳಕ್ಕೆ ಊದುತ್ತದೆಯಲ್ಲದೆ ಬೇರೆ ತಂಪನ್ನು ಹುಟ್ಟಿಸಲಾರದು. ಕೋಣೆಯು 25 ಡಿಗ್ರಿಯಲ್ಲಿದ್ದಾಗ 75 ಡಿಗ್ರಿ ಕಾಯುವ ಪ್ರೊಸೆಸರು ಕೋಣೆಯು 40 ಆದಾಗ 90ರ ಸಮೀಪಕ್ಕೆ ಬರುತ್ತದೆ. 100ರ ಆಸುಪಾಸಿಗೆ ಏರಿದರೆ ಅದು ಮೊದಲು ತನ್ನ ವೇಗವನ್ನು ತಗ್ಗಿಸಿಕೊಂಡು, ಕಡೆಗೆ ಸುಟ್ಟುಹೋಗದಿರಲೆಂದು ಯಂತ್ರವನ್ನೇ ಆರಿಸಿಬಿಡುತ್ತದೆ. ಕರಿಮಣ್ಣಿನ ನುಣ್ಣನೆಯ ಧೂಳು ಫ್ಯಾನಿನ ಕೆಳಗಿನ ಲೋಹದ ಎಸಳುಗಳ ನಡುವೆ ಕಂಬಳಿಯಂತೆ ಹೆಣೆದುಕೊಂಡಿದ್ದರೆ ಆ ಗಳಿಗೆ ಇನ್ನೂ ಬೇಗ ಬರುತ್ತದೆ. ವಿದ್ಯುತ್ತಿನ ಮಾತನ್ನು ಬೇರೆಯಾಗಿ ಹೇಳಬೇಕು. ಶಕ್ತಿನಗರದಲ್ಲಿ, ಕೃಷ್ಣೆಯ ದಡದ ಮೇಲೆ, 1985ರಿಂದ ನಡೆದುಬಂದಿರುವ ಶಾಖೋತ್ಪನ್ನ ಕೇಂದ್ರದ ಒಟ್ಟು ಸಾಮರ್ಥ್ಯ 1720 ಮೆಗಾವಾಟ್. ನಾಡಿಗೆಲ್ಲ ಬೆಳಕು ಕೊಟ್ಟ ಸ್ಥಳವದು. ಆದರೆ ವಿದ್ಯುತ್ತು ಹುಟ್ಟಿದ ಊರಿನ ನೆರೆಯಲ್ಲಿದ್ದ ಮಾತ್ರಕ್ಕೆ ಮನೆಯ ಗೋಡೆಯಲ್ಲಿ 230 ವೋಲ್ಟು ಅಲುಗದೆ ನಿಲ್ಲುವುದಿಲ್ಲ. ಅದು ಉಪಕೇಂದ್ರಗಳನ್ನು ದಾಟಿ, ಓಣಿಯ ಟ್ರಾನ್ಸ್‌ಫಾರ್ಮರಿಗೆ ಇಳಿದು, ನೆರೆಯ ಗಿರಣಿಗೂ ಪಂಪುಗಳಿಗೂ ಪಾಲು ಕೊಟ್ಟು, ಕಡೆಗೆ ಒಂದು ಸಡಿಲ ತಿರುಪನ್ನು ಹಾದು ಕಂಪ್ಯೂಟರಿಗೆ ಮುಟ್ಟಬೇಕಾಗಿದೆ.

ಕಾರಣವು ಇಷ್ಟು ಬಗೆಯದಾಗಿರುವಾಗ ದೂರು ಎಷ್ಟು ಸುಲಭವಾಗಿ ದಾರಿ ತಪ್ಪುತ್ತದೆ ಎಂಬುದಕ್ಕೆ ಎರಡು ಸಣ್ಣ ನಿದರ್ಶನಗಳು ಸಾಕು. ಮದರ್‌ಬೋರ್ಡಿನ ಮೇಲೆ ನಾಣ್ಯದಂತಹ 3 ವೋಲ್ಟಿನ ಒಂದು ಸೆಲ್ ಇರುತ್ತದೆ. ಯಂತ್ರವನ್ನು ಆರಿಸಿದಾಗಲೂ ಗಡಿಯಾರವನ್ನು ನಡೆಸುವುದು ಅದರ ಕೆಲಸ. ಕೆಲವು ವರ್ಷಗಳ ತರುವಾಯ ಅದು ಬತ್ತಿದರೆ, ಬೆಳಿಗ್ಗೆ ಯಂತ್ರವನ್ನು ಹಚ್ಚಿದಾಗ ಗಡಿಯಾರವು ಎಷ್ಟೋ ವರ್ಷ ಹಿಂದಿನ ತಾರೀಖನ್ನು ತೋರಿಸುತ್ತದೆ. ಬ್ಯಾಂಕಿನ ಪುಟ ತೆರೆಯುವುದಿಲ್ಲ, ಪರೀಕ್ಷೆಯ ಅರ್ಜಿಯ ಪುಟ ತೆರೆಯುವುದಿಲ್ಲ. ಏಕೆಂದರೆ ಆ ಪುಟಗಳ ಭದ್ರತಾ ಪತ್ರಗಳಿಗೆ ಅವಧಿಯುಂಟು, ಹಿಂದೆ ಬಿದ್ದ ಗಡಿಯಾರಕ್ಕೆ ಅವು ಇನ್ನೂ ಹುಟ್ಟಿಯೇ ಇಲ್ಲದಂತೆ ಕಾಣುತ್ತವೆ. ಮನೆಯವರು ಇಂಟರ್‌ನೆಟ್ಟಿನ ತಂತಿ ಎಳೆದವನನ್ನು ಬಯ್ಯುತ್ತಾರೆ. ಇನ್ನೊಂದು: ಕಬ್ಬಿಣದ ಪೆಟ್ಟಿಗೆಯನ್ನು ಬರಿಗಾಲಲ್ಲಿ ನಿಂತು ಮುಟ್ಟಿದರೆ ಬೆರಳು ಜುಮ್ಮೆನ್ನುವುದು. ಅಗ್ಗದ ಮಾಲನ್ನು ಮಾರಿದನೆಂದು ಅಂಗಡಿಯವನ ಮೇಲೆ ಸಿಟ್ಟು. ಆದರೆ ಒಳಗಿನ ವಿದ್ಯುತ್ ಪೆಟ್ಟಿಗೆಯಲ್ಲಿ ಸದ್ದು ಸೋಸುವ ಸಣ್ಣ ಕೆಪಾಸಿಟರುಗಳನ್ನು ಅರ್ಥಿಂಗ್ ಇದೆಯೆಂಬ ನಂಬಿಕೆಯ ಮೇಲೆಯೇ ಜೋಡಿಸಿರುತ್ತಾರೆ. ಮನೆಯ ಮೂರನೆಯ ತಂತಿಯು ಎಲ್ಲಿಗೂ ಕೂಡಿರದಿದ್ದರೆ ಪೆಟ್ಟಿಗೆಯ ಮೈಯು ವಿದ್ಯುತ್ತಿನ ಸುಮಾರು ಅರ್ಧ ಒತ್ತಡದಲ್ಲಿ ತೇಲುತ್ತದೆ. ದೋಷವಿರುವುದು ಆ ಮನೆಯನ್ನು ಕಟ್ಟಿಸಿದವನು ನೆಲದಲ್ಲಿ ಹೂಳಿಸದೆ ಬಿಟ್ಟ ಅರ್ಥಿಂಗಿನ ಕಂಬಿಯಲ್ಲಿ. (ಜುಮ್ಮೆನ್ನುವುದು ಮೀರಿ ಕೈ ಜಗ್ಗುವಂತಿದ್ದರೆ ಅದು ಬೇರೆ ಮಾತು, ಆಗ ಮುಖ್ಯ ಸ್ವಿಚ್ಚನ್ನು ಆರಿಸಿ ಲೈನಿನ ಕೆಲಸ ಬಲ್ಲವನನ್ನು ಕರೆಯಿಸತಕ್ಕದ್ದು.)

ದೂರು ಹೊರಗಿನವರ ಮೇಲೆ ಬಿದ್ದಾಗ ಅವರು ಅದನ್ನು ಕೇಳಿಸಿಕೊಳ್ಳುವುದೂ ಇಲ್ಲ. ಅದು ಮನೆಯೊಳಗೇ ಬಿದ್ದಾಗ ಏನಾಗುವುದೆಂಬುದನ್ನು ತಿಳಿಯಲು ಮಾನವಿಯಲ್ಲಿ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ತಂದೆ ಗುಮಾಸ್ತೆಯ ಕೆಲಸದಲ್ಲಿರುವವನು, ಮಗಳು ಬಿ.ಎಸ್ಸಿ. ಓದುತ್ತಿರುವಳು, ಮಗನಿಗೆ ಹತ್ತು ವರ್ಷ. ಮಗಳ ಓದಿಗೆಂದು ಕೊಂಡ ಕಂಪ್ಯೂಟರು ಬೇಸಗೆಯ ಮಧ್ಯಾಹ್ನಗಳಲ್ಲಿ ಹಠಾತ್ತಾಗಿ ಆರಿಹೋಗತೊಡಗಿತು. ಹುಡುಗನು ಅದರಲ್ಲಿ ಆಟವಾಡುತ್ತಾನೆಂಬುದು ಎಲ್ಲರಿಗೂ ಗೊತ್ತು. "ನೀನ ಏನರ ಮಾಡೀದಿ ಅದಕ್ಕ" ಎಂದು ತಂದೆ ಗದರಿದನು. "ಯಪ್ಪಾ, ನಾ ಏನೂ ಮಾಡಿಲ್ಲ" ಎಂದರೆ ನಂಬುವವರಾರು? ಆಟವಾಡಿ ಆಡಿ ಯಂತ್ರವನ್ನು ಕಾಯಿಸಿದ್ದಾನೆಂದು ತೀರ್ಮಾನವಾಗಿ, ಆಟವು ನಿಷಿದ್ಧವಾಯಿತು. ಅದೇ ದಿನ ಅಕ್ಕನು ಪೆಟ್ಟಿಗೆಯ ಮುಚ್ಚಳ ತೆಗೆದು ಬ್ರಶ್ಶಿನಿಂದ ಧೂಳು ಝಾಡಿಸಿ, ಪಡಸಾಲೆಯಲ್ಲಿದ್ದ ಟೇಬಲ್ ಫ್ಯಾನನ್ನು ತಂದು ಅದರ ಮುಂದಿಟ್ಟಳು. ನಾಲ್ಕು ದಿನ ಯಂತ್ರವು ಒಮ್ಮೆಯೂ ಆರಲಿಲ್ಲ. ತಂದೆಯ ಮಾತೇ ನಿಜವಾದಂತಾಯಿತು. ಐದನೆಯ ದಿನ ಬೀಗರು ಬಂದರು, ಫ್ಯಾನು ಪಡಸಾಲೆಗೆ ಹೋಯಿತು, ಮಧ್ಯಾಹ್ನ ಮೂರಕ್ಕೆ ಯಂತ್ರವು ಆರಿತು. ಹುಡುಗನು ರಾತ್ರಿ ಕದ್ದು ಆಡಿರಬೇಕೆಂದು ಹೇಳಲಾಯಿತು. ಅಲ್ಲಿಗೆ ಅವನು ಕೆಡಿಸಿದವನು ಮಾತ್ರವಲ್ಲದೆ ಸುಳ್ಳನೂ ಆದನು.

ಆ ಬಳಿಕ ಅಕ್ಕನು ಮಾಡಿದ ಕೆಲಸದಲ್ಲಿ ಹೆಚ್ಚಿನ ವಿದ್ಯೆಯೇನೂ ಇಲ್ಲ. ಹಳೆಯ ನೋಟುಬುಕ್ಕೊಂದರಲ್ಲಿ ಪ್ರತಿಸಾರಿ ಯಂತ್ರವು ಆರಿದ ತಾರೀಖು, ಗಂಟೆ, ಆಗ ಮನೆಯಲ್ಲಿ ಏನೇನು ನಡೆಯುತ್ತಿತ್ತು, ಯಾವ ಪ್ಲಗ್ಗು ಎಲ್ಲಿತ್ತು ಎಂಬಿಷ್ಟನ್ನು ಬರೆಯತೊಡಗಿದಳು. ಏಳು ಸಾಲುಗಳಾಗುವಷ್ಟರಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು. ಯಂತ್ರವು ಆರಿದ ಪ್ರತಿಯೊಂದು ಸಲವೂ ಫ್ರಿಜ್ಜು ಆಗತಾನೆ ಗುಂಯ್ಯೆಂದು ಶುರುವಾಗಿತ್ತು. ಫ್ರಿಜ್ಜೂ ಕಂಪ್ಯೂಟರೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿದ್ದವು. ಆ ಒಳ್ಳೆಯ ನಾಲ್ಕು ದಿನಗಳಲ್ಲಿ ಮಾತ್ರ, ಟೇಬಲ್ ಫ್ಯಾನಿನ ವಯರು ಗಿಡ್ಡವಾದುದರಿಂದ ಅದಕ್ಕೆ ಬೋರ್ಡಿನ ತೂತನ್ನು ಬಿಟ್ಟುಕೊಟ್ಟು ಕಂಪ್ಯೂಟರಿನ ಪ್ಲಗ್ಗನ್ನು ಗೋಡೆಯ ಸಾಕೆಟ್ಟಿಗೆ ಹಾಕಿದ್ದಳು! ಫ್ಯಾನು ಹೋದೊಡನೆ ಪ್ಲಗ್ಗು ಹಳೆಯ ಸ್ಥಳಕ್ಕೆ ಬಂದಿತ್ತು. ಮುಖ್ಯ ಸ್ವಿಚ್ಚನ್ನು ಆರಿಸಿ ಬೋರ್ಡನ್ನು ಬಿಚ್ಚಿದರೆ ತಂತಿ ಕೂಡುವ ತಿರುಪು ಸಡಿಲವಾಗಿ, ಸುತ್ತಲಿನ ಪ್ಲಾಸ್ಟಿಕ್ಕು ಕಂದಿ ಕರಿದಾಗಿತ್ತು. ಫ್ರಿಜ್ಜಿನ ಕಂಪ್ರೆಸರು ಹೊರಡುವ ಕ್ಷಣದಲ್ಲಿ ತಾನು ಓಡುವಾಗ ಎಳೆಯುವುದರ ಹಲವು ಪಾಲು ವಿದ್ಯುತ್ತನ್ನು ಎಳೆಯುತ್ತದೆ. ಆ ಸಡಿಲ ಸಂದಿಯಲ್ಲಿ ಒತ್ತಡ ಕುಸಿಯುತ್ತದೆ. ಕಂಪ್ಯೂಟರು ಸೆಕೆಂಡಿನ ಐವತ್ತರಲ್ಲಿ ಒಂದು ಪಾಲಿನಷ್ಟು ಹೊತ್ತು ಮಾತ್ರ ತನ್ನ ದಾಸ್ತಾನಿನ ಮೇಲೆ ಬದುಕಬಲ್ಲದು. ಮಧ್ಯಾಹ್ನದ ಸೆಕೆಯಲ್ಲಿ ಫ್ರಿಜ್ಜು ಪದೇ ಪದೇ ಹೊರಡುವುದರಿಂದ ದೋಷವು ಮಧ್ಯಾಹ್ನವೇ ಕಾಣಿಸಿಕೊಳ್ಳುತ್ತಿತ್ತು. ಬೇಸಗೆಗೂ ಈ ದೋಷಕ್ಕೂ ಸಂಬಂಧವಿದ್ದುದು ನಿಜ. ಅದು ಮನೆಯವರು ತಿಳಿದ ಸಂಬಂಧವಾಗಿರಲಿಲ್ಲ.

ಕಲ್ಪಿತ ಸಂಸಾರವಾದರೂ ಇಂತಹ ಪ್ರಸಂಗ ಅಪರೂಪವಾದುದಲ್ಲ. ಇಲ್ಲಿ ವಿಚಾರ ಮಾಡಬೇಕಾದುದು ಆ ನಾಲ್ಕು ದಿನಗಳನ್ನು ಕುರಿತು. ನಾಲ್ಕು ದಿನ ಯಂತ್ರವು ನಡೆದುದು ಸತ್ಯ. ಅದಕ್ಕೆ ಮುಂಚೆ ಆಟವನ್ನು ನಿಲ್ಲಿಸಿದುದೂ ಸತ್ಯ. ಎರಡು ಸತ್ಯಗಳು ಒಂದರ ಪಕ್ಕದಲ್ಲಿ ಒಂದು ನಿಂತುದನ್ನು ನೋಡಿ ತಂದೆಯು ಅವುಗಳಿಗೆ ಗಂಟು ಹಾಕಿದನು. ಕಾಗೆ ಕುಳಿತಾಗಲೇ ತಾಳೆಯ ಹಣ್ಣು ಬಿದ್ದುದರಿಂದ ಕಾಗೆಯೇ ಬೀಳಿಸಿತೆಂಬ ಭ್ರಮೆಗೆ ಕಾಕತಾಳೀಯವೆಂಬ ಹೆಸರನ್ನು ಹಿರಿಯರು ಎಂದೋ ಕೊಟ್ಟಿದ್ದಾರೆ. ಅದನ್ನು ಬಿಡಿಸಿಕೊಳ್ಳುವ ದಾರಿಯನ್ನೂ ಅವರೇ ಹೇಳಿದ್ದಾರೆ: ಇದು ಇದ್ದಾಗ ಅದು ಇರಬೇಕು, ಇದು ಇಲ್ಲದಾಗ ಅದೂ ಇಲ್ಲದಿರಬೇಕು, ಮೊದಲನೆಯದು ಅನ್ವಯ, ಎರಡನೆಯದು ವ್ಯತಿರೇಕ. ಇಂಗ್ಲೆಂಡಿನ ಜಾನ್ ಸ್ಟೂಅರ್ಟ್ ಮಿಲ್ ಎಂಬ ತತ್ತ್ವಜ್ಞನು 1843ರಲ್ಲಿ ಪ್ರಕಟಿಸಿದ ತರ್ಕಗ್ರಂಥದಲ್ಲಿಯೂ ಹೆಚ್ಚು ಕಡಿಮೆ ಇದೇ ಮಾರ್ಗವಿದೆ. ಈ ಪರೀಕ್ಷೆಗೆ ಒಂದು ಕಟ್ಟುಪಾಡುಂಟು. ಒಂದು ಬಾರಿಗೆ ಒಂದನ್ನು ಮಾತ್ರ ಬದಲಾಯಿಸಬೇಕು. ಆ ಮನೆಯಲ್ಲಿ ಒಂದೇ ದಿನ ಬದಲಾದವು ನಾಲ್ಕು: ಧೂಳು, ಗಾಳಿ, ಆಟ, ಪ್ಲಗ್ಗು. ಮೂರು ತಿಳಿದು ಬದಲಾಯಿಸಿದವು. ನಾಲ್ಕನೆಯದು ಯಾರ ಲೆಕ್ಕಕ್ಕೂ ಬಾರದೆ ಬದಲಾಯಿತು. ಒಂದೊಂದನ್ನೇ ತಳ್ಳಿಹಾಕಿ ಉಳಿದುದನ್ನು ಹಿಡಿಯುವ ಪರಿಶೇಷಾನುಮಾನಕ್ಕೂ ಇರುವ ಅಪಾಯ ಇದೇ. ಪಟ್ಟಿಯಲ್ಲಿ ಬರೆಯದೇ ಇದ್ದುದನ್ನು ಯಾವ ಅನುಮಾನವೂ ಉಳಿಸಿಕೊಡಲಾರದು, ಮತ್ತು ಮನುಷ್ಯನ ಪಟ್ಟಿಯಲ್ಲಿ ಯಂತ್ರದ ಭಾಗಗಳಿಗಿಂತ ಮುಂಚೆ ಮನುಷ್ಯರ ಹೆಸರುಗಳೇ ಬರುತ್ತವೆ.

ಮಧ್ವಸಂಪ್ರದಾಯದ ಪ್ರಮಾಣಶಾಸ್ತ್ರವು ಪ್ರತ್ಯಕ್ಷ, ಅನುಮಾನ, ಆಗಮಗಳೆಂಬ ಮೂರನ್ನೂ ಒಪ್ಪುತ್ತದೆ. ಆದರೆ ಮೂರಕ್ಕೂ ನಿರ್ದೋಷವಾಗಿರಬೇಕೆಂಬ ನಿಬಂಧನೆಯನ್ನು ಹಾಕುತ್ತದೆ. ಕಣ್ಣಿದ್ದರೆ ಸಾಲದು, ಕಣ್ಣಿನಲ್ಲಿ ದೋಷವಿರಕೂಡದು. ಯಂತ್ರವನ್ನು ಪರೀಕ್ಷಿಸುವವನಿಗೆ ಇದು ಚೆನ್ನಾಗಿ ಒಪ್ಪುವ ಮಾತು. ಸಿಟ್ಟು ಬಂದವನ ಕಣ್ಣಿಗೆ ಹುಡುಗನು ಮೇಜಿನ ಹತ್ತಿರ ನಿಂತ ಪ್ರತಿಯೊಂದು ಸಂದರ್ಭವೂ ಕಾಣುತ್ತದೆ; ಅವನು ಶಾಲೆಯಲ್ಲಿದ್ದಾಗ ಯಂತ್ರವು ಆರಿದ ಸಂದರ್ಭ ಕಾಣುವುದಿಲ್ಲ, ಕಂಡರೂ ನೆನಪಿನಲ್ಲಿ ಉಳಿಯುವುದಿಲ್ಲ. ನೋಟುಬುಕ್ಕಿನ ಉಪಯೋಗವೆಲ್ಲ ಇಲ್ಲಿದೆ. ಅದು ಸಿಟ್ಟುಗೊಳ್ಳುವುದಿಲ್ಲ.

ಇದೇ ಸೀಮೆಯಲ್ಲಿ ಕಾರಣವನ್ನು ಹುಡುಕಿದ ಒಂದು ಹಳೆಯ ಕಥೆಯುಂಟು. ಮುಂದೆ ಜಗನ್ನಾಥದಾಸರೆಂದು ಹೆಸರಾದ ಮಾನವಿಯ ಶ್ರೀನಿವಾಸಾಚಾರ್ಯರು ಪಾಂಡಿತ್ಯದ ಹಮ್ಮಿನಿಂದ ಚೀಕಲಪರವಿಯ ವಿಜಯದಾಸರನ್ನು ಅಲಕ್ಷಿಸಿದರೆಂದೂ, ತರುವಾಯ ಯಾವ ಔಷಧಕ್ಕೂ ಜಗ್ಗದ ಹೊಟ್ಟೆನೋವಿಗೆ ಸಿಕ್ಕಿದರೆಂದೂ, ಕಡೆಗೆ ದೇವದುರ್ಗದ ಕಡೆಯ ಮೊಸರುಕಲ್ಲಿನ ಗೋಪಾಲದಾಸರ ಕೃಪೆಯಿಂದ ಗುಣವಾದರೆಂದೂ ಸಂಪ್ರದಾಯವು ಹೇಳುತ್ತದೆ. ಆ ಕಥೆಯಲ್ಲಿ ಬೇನೆಗೆ ಒಳಗಾದವರು ದೋಷವನ್ನು ತಮ್ಮಲ್ಲಿಯೇ ಕಂಡುಕೊಂಡರು. ಅದರ ಹಿರಿಮೆಯಿರುವುದು ಅಲ್ಲಿ. ಆದರೆ ಅದನ್ನು ತಿರುಗಿಸಿ ಬಳಸುವವರೇ ಹೆಚ್ಚು. ಬೇನೆ ಬಂದವನು ಏನೋ ತಪ್ಪು ಮಾಡಿರಬೇಕೆಂದು ನೆರೆಯವರು ಹೇಳತೊಡಗಿದರೆ ಕಥೆಯು ತಲೆಕೆಳಗಾಗುತ್ತದೆ. ತನ್ನ ತಪ್ಪನ್ನು ಹುಡುಕಿಕೊಳ್ಳುವುದಕ್ಕೆ ಪ್ರಮಾಣ ಬೇಕಿಲ್ಲ, ಸಂಶಯವೇ ಸಾಕು. ಇನ್ನೊಬ್ಬರ ತಪ್ಪನ್ನು ಹೇಳುವುದಕ್ಕೆ ಸಂಶಯ ಸಾಲದು.

ತನ್ನಲ್ಲಿಯೇ ಮೊದಲು ಹುಡುಕಿದವನು ಕಡೆಗೆ ಇನ್ನೊಬ್ಬರ ದೋಷವನ್ನು ಎಷ್ಟು ಗಟ್ಟಿಯಾಗಿ ಹೇಳಬಲ್ಲನೆಂಬುದಕ್ಕೆ ಕಂಪ್ಯೂಟರುಗಳ ಚರಿತ್ರೆಯಲ್ಲಿಯೇ ಪ್ರಸಿದ್ಧವಾದ ಉದಾಹರಣೆಯಿದೆ. ಅಮೆರಿಕದ ವರ್ಜೀನಿಯಾ ರಾಜ್ಯದ ಲಿಂಚ್‌ಬರ್ಗ್ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾಗಿದ್ದ ಥಾಮಸ್ ನೈಸ್ಲಿ ಎಂಬವರು ಅವಳಿ ಅವಿಭಾಜ್ಯ ಸಂಖ್ಯೆಗಳನ್ನು ಕುರಿತು ಲೆಕ್ಕ ಮಾಡುತ್ತಿದ್ದರು. 11 ಮತ್ತು 13ರಂತೆ ಎರಡರ ಅಂತರದಲ್ಲಿ ನಿಲ್ಲುವ ಜೋಡಿಗಳು ಅವು. ಹಲವು ಕಂಪ್ಯೂಟರುಗಳಲ್ಲಿ ಹಂಚಿ ನಡೆಯುತ್ತಿದ್ದ ಆ ಲೆಕ್ಕದಲ್ಲಿ 1994ರ ಜೂನ್ ತಿಂಗಳಲ್ಲಿ ಒಂದು ಸಣ್ಣ ಹೊಂದಿಕೆಯಿಲ್ಲದಿರುವಿಕೆ ಕಾಣಿಸಿತು. ಅವರು ಮೊದಲು ತಮ್ಮ ಲೆಕ್ಕದ ಕ್ರಮವನ್ನೇ ಶಂಕಿಸಿದರು. ಆಮೇಲೆ ಅದನ್ನು ಯಂತ್ರಭಾಷೆಗೆ ತಿರುಗಿಸಿದ ಕಂಪೈಲರನ್ನು, ಯಂತ್ರದ ಉಳಿದ ಭಾಗಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ನಡುವೆ ಕಂಪೈಲರಿನಲ್ಲಿ ನಿಜವಾಗಿಯೂ ಒಂದು ದೋಷ ಸಿಕ್ಕಿತು! ಅವಸರದವನಾದರೆ ಅಲ್ಲಿಗೇ ಮಂಗಳ ಹಾಡುತ್ತಿದ್ದನು. ಅದನ್ನು ತಿದ್ದಿದ ಮೇಲೂ ತಪ್ಪು ಉಳಿದುದರಿಂದ ಅವರು ಮುಂದಕ್ಕೆ ಹೋದರು. 824633702441 ಎಂಬ ಸಂಖ್ಯೆಯಿಂದ 1ನ್ನು ಭಾಗಿಸಿದರೆ ಪೆಂಟಿಯಂ ಪ್ರೊಸೆಸರಿನಲ್ಲಿ ಉತ್ತರವು ಎಂಟನೆಯ ಅಂಕಿಯ ಆಚೆಗೆ ತಪ್ಪಿಬರುತ್ತಿತ್ತು. ಹಳೆಯ ಪ್ರೊಸೆಸರಿನಲ್ಲಿ ಸರಿಯಾಗಿ ಬರುತ್ತಿತ್ತು. ಬೇರೆ ಪೆಂಟಿಯಂಗಳಲ್ಲಿಯೂ ಅದೇ ತಪ್ಪು ಬರುತ್ತಿತ್ತು. ಇಷ್ಟಾದ ಮೇಲೆ, ಅಕ್ಟೋಬರ್ 30ರಂದು, ಅವರು ಇತರರಿಗೆ ಪತ್ರ ಬರೆದರು. ಭಾಗಾಕಾರಕ್ಕೆ ಆಧಾರವಾದ ಪಟ್ಟಿಯಲ್ಲಿ 5 ಮನೆಗಳು ಖಾಲಿ ಉಳಿದಿದ್ದುದೇ ಕಾರಣವೆಂದು ಹೊರಬಿತ್ತು. ಸಾಮಾನ್ಯ ಬಳಕೆಯವನಿಗೆ 27,000 ವರ್ಷಗಳಿಗೊಮ್ಮೆ ಮಾತ್ರ ಈ ತಪ್ಪು ಎದುರಾದೀತೆಂದು ಮೊದಲು ಹೇಳಿದ ಇಂಟೆಲ್ ಕಂಪನಿಯು ಡಿಸೆಂಬರ್ 20ರಂದು ಕೇಳಿದವರಿಗೆಲ್ಲ ಪ್ರೊಸೆಸರನ್ನು ಬದಲಾಯಿಸಿಕೊಡಲೊಪ್ಪಿತು. ಅದರ ಲೆಕ್ಕಕ್ಕೆ 47 ಕೋಟಿ 50 ಲಕ್ಷ ಡಾಲರು ಬರೆದಿರಿಸಿತು. ಆ ಅಧ್ಯಾಪಕರಿಗಿದ್ದ ಬಲವೆಲ್ಲ ಒಂದೇ: ದೋಷವನ್ನು ಬೇಕಾದಾಗ, ಬೇಕಾದವರ ಮುಂದೆ, ಅವರ ಯಂತ್ರದಲ್ಲಿಯೇ ಕರೆದು ತೋರಿಸಬಲ್ಲವರಾಗಿದ್ದರು.

ಹೋದ ದೋಷವನ್ನು ಮತ್ತೆ ಕರೆಯುವುದೆಂದರೆ ಮನೆಯವರಿಗೆ ಹುಚ್ಚಿನಂತೆ ತೋರುತ್ತದೆ. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷೀಲಿ ಎಂಬಂತಾದೀತೆಂಬ ಹೆದರಿಕೆ ಅವರಿಗೆ. ಹೇಗೋ ಸರಿಹೋಯಿತಲ್ಲ, ಇನ್ನೇಕೆ ಕೆದಕಬೇಕು? ಯಂತ್ರವೊಂದೇ ಪ್ರಶ್ನೆಯಾಗಿದ್ದರೆ ಈ ಮಾತಿಗೆ ಉತ್ತರವಿಲ್ಲ. ನಡೆಯುವ ಯಂತ್ರವು ತಾನೇಕೆ ನಡೆಯುತ್ತೇನೆಂದು ಯಾರನ್ನೂ ಕೇಳುವುದಿಲ್ಲ. ಆದರೆ ಒಬ್ಬನು ದೂಷಿತನಾಗಿ ನಿಂತಿರುವಾಗ, ಹೇಗೋ ಸರಿಹೋಯಿತೆಂಬುದು ಅವನಿಗೆ ಬಿಡುಗಡೆ ಕೊಡುವುದಿಲ್ಲ. ಅವನು ಎಚ್ಚೆತ್ತುಕೊಂಡುದರಿಂದ ಸರಿಹೋಯಿತೆಂದು ಜನ ತಿಳಿಯುತ್ತಾರೆ. ನೆಟ್ಟ ಕಂಬವನ್ನು ಅಲ್ಲಾಡಿಸಿ ಅಲ್ಲಾಡಿಸಿಯೇ ಗಟ್ಟಿಮಾಡಬೇಕೆಂಬ ಸ್ಥೂಣಾನಿಖನನ ನ್ಯಾಯವು ಇಲ್ಲಿ ಸಲ್ಲುತ್ತದೆ. ಮಾನವಿಯ ಆ ಅಕ್ಕನು ಕಂಡುಹಿಡಿದೊಡನೆ ಹೊಸ ಬೋರ್ಡು ತಂದು ಸುಮ್ಮನಾಗಿದ್ದರೆ ತಮ್ಮನು ಬಿಡುಗಡೆ ಹೊಂದುತ್ತಿರಲಿಲ್ಲ. ಅವಳು ಕಂಪ್ಯೂಟರನ್ನು ಗೋಡೆಯ ಸಾಕೆಟ್ಟಿಗೆ ಹಾಕಿ, ಫ್ಯಾನಿಲ್ಲದೆ, ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಎರಡು ದಿನ ತಮ್ಮನಿಂದಲೇ ಆಟವಾಡಿಸಬೇಕಾಯಿತು. ಮೂರನೆಯ ದಿನ, ತಂದೆಯು ಎದುರಿಗೆ ಕುಳಿತಿರುವಾಗ, ಆಟವಿಲ್ಲದೆ ಬರಿಯ ಯಂತ್ರವನ್ನು ಹಳೆಯ ಬೋರ್ಡಿಗೆ ಹಾಕಿದಳು. ಫ್ರಿಜ್ಜು ಗುಂಯ್ಯೆಂದಿತು, ಪರದೆ ಕಪ್ಪಾಯಿತು. ಕಂದಿದ ಆ ಬೋರ್ಡನ್ನು ಅನಂತರ ತಿಪ್ಪೆಗೆ ಹಾಕಿದರು. ಬೆಂದ ಸಂದಿಯನ್ನು ತಿರುಪು ಬಿಗಿದು ಮತ್ತೆ ಬಳಸುವುದು ಬೆಂಕಿಗೆ ಆಹ್ವಾನ.

ಇದಕ್ಕೆಲ್ಲ ಬಿಡುವೆಲ್ಲಿದೆ, ಬಲ್ಲವನಿಗೆ ಒಪ್ಪಿಸುವುದೇ ಜಾಣತನವಲ್ಲವೆ ಎಂದು ಕೇಳಬಹುದು. ಈ ಆಕ್ಷೇಪಣೆಯಲ್ಲಿ ತಿರುಳಿದೆ. ಕೆಲವು ಕಡೆ ಕೈ ಹಾಕಲೇಬಾರದು. ಕಂಪ್ಯೂಟರಿಗೆ ವಿದ್ಯುತ್ತು ಕೊಡುವ ಎಸ್‌ಎಂಪಿಎಸ್ ಎಂಬ ಪೆಟ್ಟಿಗೆಯೊಳಗಿನ ಕೆಪಾಸಿಟರಿನಲ್ಲಿ, ಪ್ಲಗ್ಗನ್ನು ಕಿತ್ತ ಬಳಿಕವೂ 300 ವೋಲ್ಟಿಗೆ ಮೀರಿದ ಒತ್ತಡ ಕೆಲಕಾಲ ನಿಂತಿರಬಲ್ಲದು. ಅದನ್ನು ಬಿಚ್ಚುವುದು ಕಲಿತವನ ಕೆಲಸ. ದುರಸ್ತಿಯಿಂದ ಹೊಟ್ಟೆ ಹೊರೆಯುವವನ ಅನ್ನವನ್ನು ಕಸಿದು ಸ್ವಾವಲಂಬನದ ಹೆಮ್ಮೆಯನ್ನು ಪಡಬೇಕಾದ ಅಗತ್ಯವೂ ಇಲ್ಲ. ಆದರೆ ತಾನೇ ಹುಡುಕುವುದೆಂದರೆ ತಾನೇ ಬಿಚ್ಚುವುದೆಂದು ಅರ್ಥವಲ್ಲ. ಯಾವಾಗ ಆಗುತ್ತದೆ, ಯಾವಾಗ ಆಗುವುದಿಲ್ಲ, ಅದಕ್ಕೆ ಮುಂಚೆ ಏನು ಬದಲಾಯಿತು ಎಂಬ ಮೂರನ್ನು ಮನೆಯಲ್ಲಿರುವವರೇ ನೋಡಬೇಕು. ಅಂಗಡಿಯವನು ಎಷ್ಟೇ ಜಾಣನಾದರೂ ಮಧ್ಯಾಹ್ನ ಮೂರು ಗಂಟೆಗೆ ಆ ಮನೆಯಲ್ಲಿ ಇರುವುದಿಲ್ಲ. ಏಳು ಸಾಲುಗಳ ಒಂದು ಚೀಟಿಯೊಡನೆ ಬಂದ ಯಂತ್ರವನ್ನು ಆತನು ನೋಡುವ ರೀತಿಯೇ ಬೇರೆ. ಬಸ್ಸಿನಲ್ಲಿ ಹೊತ್ತು ತಂದು "ಒಮ್ಮೊಮ್ಮೆ ಕೆಡತದ" ಎಂದು ಹೇಳಿ ಕೊಟ್ಟುದನ್ನು ನೋಡುವ ರೀತಿ ಬೇರೆ.

ಎಷ್ಟು ಹುಡುಕಿದರೂ ಕೈಗೆ ಸಿಕ್ಕದ ಕಾರಣಗಳೂ ಉಂಟೆಂಬುದನ್ನು ಇಲ್ಲಿ ಮರೆಯತಕ್ಕದ್ದಲ್ಲ. 2003ರ ಮೇ ತಿಂಗಳಲ್ಲಿ ಬೆಲ್ಜಿಯಂ ದೇಶದ ಚುನಾವಣೆಯಲ್ಲಿ, ಬ್ರಸೆಲ್ಸ್ ನಗರಕ್ಕೆ ಸೇರಿದ ಸ್ಕಾರ್ಬೀಕ್ ಎಂಬಲ್ಲಿ, ಒಬ್ಬ ಅಭ್ಯರ್ಥಿಗೆ ಬರಲು ಸಾಧ್ಯವೇ ಇಲ್ಲದಷ್ಟು ಮತಗಳು ಕಂಪ್ಯೂಟರಿನಲ್ಲಿ ಕಾಣಿಸಿದವು. ಮರಳಿ ಎಣಿಸಿದರೆ ಸರಿಯಾಗಿ 4096 ಮತಗಳು ಹೆಚ್ಚಾಗಿದ್ದವು. 1ನ್ನು 12 ಬಾರಿ ಇಮ್ಮಡಿಸಿದರೆ ಬರುವ ಸಂಖ್ಯೆ ಅದು. ಎಂದರೆ ಯಂತ್ರದ ನೆನಪಿನಲ್ಲಿ ಒಂದೇ ಒಂದು ಸ್ಥಾನದ ಸೊನ್ನೆ ತಾನಾಗಿ ಒಂದಾಗಿ ತಿರುಗಿತ್ತು. ಪರೀಕ್ಷಕರು ಯಂತ್ರವನ್ನೂ ಲೆಕ್ಕದ ಕ್ರಮವನ್ನೂ ಶೋಧಿಸಿದರು. ತಪ್ಪು ಮತ್ತೆ ಬರಲಿಲ್ಲ. ಅಂತರಿಕ್ಷದಿಂದ ಬರುವ ಕಣದ ಹೊಡೆತವೊಂದು ಹಾಗೆ ಮಾಡಿರಬಹುದೆಂದು ಊಹಿಸಿದರು. ಊಹೆಯೆಂದೇ ಅದನ್ನು ಬರೆದಿಟ್ಟರು. ಆ ಅಭ್ಯರ್ಥಿಯಾಗಲಿ, ಎಣಿಕೆಗೆ ಕುಳಿತಿದ್ದ ಗುಮಾಸ್ತರಾಗಲಿ ಅಪರಾಧಿಗಳೆನಿಸಲಿಲ್ಲ. ಕಾರಣ ತಿಳಿಯಲಿಲ್ಲವೆಂಬುದೂ ಒಂದು ಉತ್ತರವೇ. ಆದರೆ ಮನೆಗಳಲ್ಲಿ ಆ ಉತ್ತರಕ್ಕೆ ಮರ್ಯಾದೆ ಕಡಿಮೆ. ಅಂತರಿಕ್ಷದ ಕಣವನ್ನು ಕರೆದು ಗದರಲಾಗುವುದಿಲ್ಲ, ಹುಡುಗನು ಮಾತ್ರ ಕೈಗೆ ಸಿಕ್ಕುತ್ತಾನೆ.

ಇನ್ನು ದೂರನ್ನು ಹಿಂದಕ್ಕೆ ತೆಗೆದುಕೊಳ್ಳುವ ಮಾತು. ಕಿರಿಯರು ಹಿರಿಯರಿಗೆ "ತಪ್ಪಾಯಿತು" ಎಂದು ಹೇಳುವ ರೂಢಿಯಿದೆ. ಹಿರಿಯರು ಕಿರಿಯರಿಗೆ ಹೇಳುವುದಕ್ಕೆ ಮನೆಗಳಲ್ಲಿ ಮಾತೇ ಹುಟ್ಟಿಲ್ಲ. ಅಂಗಡಿಗೆ ಕಳಿಸಿ ಉಳಿದ ಚಿಲ್ಲರೆ ನೀನೇ ಇಟ್ಟುಕೋ ಎನ್ನುವುದು, ತಟ್ಟೆಗೆ ಇನ್ನೊಂದು ಹೋಳಿಗೆ ಹಾಕುವುದು, ಇವೇ ಹಿರಿಯರ ಕ್ಷಮಾಪಣೆಗಳು. ಇವು ಸಾಲವೆಂದು ಹೇಳಬೇಕಾಗುತ್ತದೆ. ದೂರು ಎಲ್ಲರೆದುರಿಗೆ ಮಾತಿನಲ್ಲಿ ಹೊರಟಿತು. ಹೋಳಿಗೆಯು ಮಾತನಾಡುವುದಿಲ್ಲ, ಮತ್ತು ಬೀಗರ ಮುಂದೆ ಸುಳ್ಳನೆನಿಸಿಕೊಂಡವನಿಗೆ ಅದು ಬೀಗರ ಮುಂದೆ ಸಾಕ್ಷಿ ನುಡಿಯುವುದೂ ಇಲ್ಲ. ಆ ತಂದೆಯು ಊಟಕ್ಕೆ ಕುಳಿತಾಗ, ಹೆಂಡತಿಯೂ ಮಗಳೂ ಕೇಳುವಂತೆ, "ತಮ್ಮಾ, ಅದು ಬೋರ್ಡಿಂದ ಆಗಿತ್ತು, ನಿಂದೇನೂ ಇರಲಿಲ್ಲ" ಎಂದಿಷ್ಟು ಹೇಳಿದರೆ ಅವನ ಹಿರಿತನಕ್ಕೆ ಕುಂದೇನೂ ಬಾರದು. ಹಾಗೆಂದೊಡನೆ ಹುಡುಗನು ಕೇಳುವ ಮುಂದಿನ ಪ್ರಶ್ನೆಗೆ ಮಾತ್ರ ತಂದೆಯು ಸಿದ್ಧನಾಗಿರಬೇಕು. ಯಂತ್ರವು ಕಾಯುತ್ತದೆಂದು ಆಟವನ್ನು ನಿಷೇಧಿಸಿದ್ದಾಯಿತು. ಯಂತ್ರವು ಆಟದಿಂದ ಕಾದು ಆರಲಿಲ್ಲವೆಂದು ಈಗ ಸಿದ್ಧವಾಯಿತು. ಓದು ಕೆಡುತ್ತದೆ, ಕಣ್ಣು ಕೆಡುತ್ತದೆ ಎಂಬ ಬೇರೆ ಕಾರಣಗಳು ಅವನಲ್ಲಿ ಇರಬಹುದು, ಅವು ನಿಜವೂ ಆಗಿರಬಹುದು. ಆದರೆ ಅವುಗಳನ್ನು ಹೊಸದಾಗಿ ಹೇಳಬೇಕು, ಹುಡುಗನು ತಿರುಗಿ ಕೇಳಿದರೆ ಕೇಳಿಸಿಕೊಳ್ಳಬೇಕು. ಅಲ್ಲಿಯವರೆಗೆ ಸಂಜೆ ನಾಲ್ಕರ ಮೇಲೆ ಒಂದು ಗಂಟೆ ಅವನು ಆಡಲಿ.